ಹಂಸಿ ಹೇಳಿದ ಕೊನೆಯ ಹೆಸರು

ಬಹಳ ಹಿಂದೆ, ಸಮುದ್ರದ ಅಂಚಿನಲ್ಲಿ ಕಡಲಾವತಿ ಎಂಬ ರಾಜ್ಯವಿತ್ತು. ಅಲ್ಲಿನ ದೋಣಿಗಳಿಗೆ ಮಾತು ಬರುತ್ತಿತ್ತು. ವರ್ಷಕ್ಕೊಮ್ಮೆ ಹಳೆಯ ಹಾಯಿದೋಣಿಗಳೆಲ್ಲ ರಾಜನ ಮುಂದೆ ಸೇರಿ, ತಮ್ಮನ್ನು ದುರಸ್ತಿ ಮಾಡಿ ಉಳಿಸಿದವರ ಹೆಸರು ಹೇಳುತ್ತಿದ್ದವು. ಹೆಚ್ಚು ಹೆಸರು ಹೇಳಿದ ದೋಣಿಗೆ ರಾಜನ ಕೆಂಪು ಬಾವುಟ ಸಿಗುತ್ತಿತ್ತು.

ಬಾವುಟ ಪ್ರತಿವರ್ಷ ಈರಪ್ಪನ ದೋಣಿ ಹಂಸಿಗೇ. ಅಪ್ಪ ಸಾಯುವಾಗ ಆ ದೋಣಿಯನ್ನು ಕಿರಿಮಗ ಈರಪ್ಪನಿಗೆ ಕೊಟ್ಟಿದ್ದ. ಹಿರಿಮಗ ಜಟ್ಟಪ್ಪನಿಗೆ ಆ ಉರಿ ಆರಲೇ ಇಲ್ಲ. ಅವನೂ ಒಂದು ಹಳೆಯ ದೋಣಿ ತಂದು ಹೊನ್ನಮಿಂಚು ಎಂದು ಹೆಸರಿಟ್ಟ. ಕೀರ್ತಿಯೆಲ್ಲ ತನಗೇ ಬರಲೆಂದು, ಬೇರೆಯವರ ಕೈ ತಾಗಿದ ಹಲಗೆಗಳನ್ನೆಲ್ಲ ಕಿತ್ತೆಸೆದು, ಒಬ್ಬನೇ ಹೊಸದು ಬಡಿದ. ಹಬ್ಬದ ದಿನ ಹೊನ್ನಮಿಂಚು ಬಾಯಿ ತೆರೆದು "ಜಟ್ಟಪ್ಪ" ಎಂದು ಸುಮ್ಮನಾಯಿತು. ಇಡೀ ದಡ ನಕ್ಕಿತು.

ಜಟ್ಟಪ್ಪ ನೇರ ಲವಣಕೇತು ಎಂಬ ಮಾಂತ್ರಿಕನ ನಡುಗಡ್ಡೆಗೆ ಹೋದ. ಮಾಂತ್ರಿಕ ಒಂದು ಚಿನ್ನದ ಹಾಯಿ ಕೊಟ್ಟ.

"ಇದನ್ನು ಬೀಸಿ ಮೂರು ವರ ಬೇಡು, ಕೇಳಿದ್ದು ಆಗುತ್ತದೆ. ಮುಳುಗಿದ ದೋಣಿ, ಅದರಲ್ಲಿದ್ದವನು, ಎರಡೂ ನನಗೆ. ಹಾಯಿ ಜೋಪಾನ, ನನ್ನ ಪ್ರಾಣ ಅದರಲ್ಲಿದೆ."

ಜಟ್ಟಪ್ಪನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ.

ಮರುವರ್ಷ ಆ ಹಾಯಿಯನ್ನು ಹೊನ್ನಮಿಂಚಿಗೆ ಕಟ್ಟಿ, ಹಂಸಿಯ ಹಿಂದೆಯೇ ಹಬ್ಬಕ್ಕೆ ಹೊರಟಾಗ ಅದನ್ನು ಬೀಸಿ, "ಬಿರುಗಾಳಿ ಬರಲಿ" ಎಂದ. ಬಂತು. ಅಜ್ಜನ ಕಾಲದ ಗಾಳಿಗಳನ್ನೆಲ್ಲ ಕಂಡಿದ್ದ ಹಂಸಿ ತುಸು ವಾಲಿ, ಇನ್ನೂ ಮುಂದೆ ಓಡಿತು. ಜಟ್ಟಪ್ಪನ ಹೊಟ್ಟೆ ಧಗಧಗ ಉರಿಯಿತು.

"ಏಳು ತಲೆಯ ಹಾವುಮೀನು ಬರಲಿ" ಎಂದ. ಬಂತು. ಈರಪ್ಪ ತನ್ನ ಬುತ್ತಿಯನ್ನು ಏಳು ಬಾಯಿಗೂ ಹಂಚಿದ. ಅದು ಬಾಲ ಆಡಿಸುತ್ತ ಹಂಸಿಯನ್ನು ಮುಂದಕ್ಕೆ ನೂಕಿತು. ಜಟ್ಟಪ್ಪನ ಹೊಟ್ಟೆ ಮತ್ತಷ್ಟು ಉರಿಯಿತು.

"ಹಂಸಿಯ ಹಲಗೆ ಒಣಗಿ ಸೀಳಲಿ" ಎಂದ. ಸೀಳಿತು. ಸಂದುಸಂದಿನಿಂದ ನೀರು ನುಗ್ಗಿತು. ಅಲೆಯಿಂದ ಲವಣಕೇತುವಿನ ಕೈ ಮೇಲೆದ್ದು ಈರಪ್ಪನ ಕಾಲು ಹಿಡಿಯಿತು.

"ಅಣ್ಣಾ!" ಎಂದು ಈರಪ್ಪ ಕೂಗಿದ.

ಆ ಕೂಗಿಗೆ ಜಟ್ಟಪ್ಪ ಹೊನ್ನಮಿಂಚನ್ನು ಹಂಸಿಯ ಪಕ್ಕಕ್ಕೆ ತಂದ. ತನ್ನ ಮಾತ್ಸರ್ಯದ ಮೇಲೆ ಅವನಿಗೇ ಹೇಸಿಗೆಯಾಯಿತು. ಚಿನ್ನದ ಹಾಯಿ ಕಿತ್ತುಕೊಂಡು ಹಂಸಿಗೆ ಹಾರಿ, ಅದನ್ನು ಪರಪರ ಹರಿದು ಸಂದುಗಳಿಗೆ ತುರುಕಿದ.

"ಅಣ್ಣಾ, ನಿನ್ನ ಚಿನ್ನದ ಹಾಯಿ!"

"ಬಾಯ್ಮುಚ್ಚಿ ನೀರು ಚೆಲ್ಲು ಮಾರಾಯಾ!"

ಹಾಯಿ ಹರಿದದ್ದೇ ತಡ, ಆ ಕೈ ಉಪ್ಪಾಗಿ ಕರಗಿತು. ಲವಣಕೇತು ಸತ್ತ. ಹಾಯಿಯಿಲ್ಲದ ಹೊನ್ನಮಿಂಚಿಗೆ ಹಗ್ಗ ಕಟ್ಟಿ, ಹಂಸಿ ಎಳೆದುಕೊಂಡು ದಡ ಸೇರಿತು.

ರಾಜನ ಮುಂದೆ ಹಂಸಿ ಹೆಸರು ಹೇಳಿತು. ಅಜ್ಜ, ಅಪ್ಪ, ಹಾಯಿ ಹೊಲಿದ ಅಜ್ಜಿ, ಈರಪ್ಪ. ಕೊನೆಗೆ, "ಜಟ್ಟಪ್ಪ" ಎಂದಿತು. ಜಟ್ಟಪ್ಪ ಮುಖ ಮುಚ್ಚಿಕೊಂಡು ಅತ್ತ.

ಆ ವರ್ಷವೆಲ್ಲ ಅಣ್ಣತಮ್ಮಂದಿರು ಸೇರಿ ಹೊನ್ನಮಿಂಚಿಗೆ ಹೊಸ ಹಾಯಿ ಹೊಲಿದರು. ಮುಂದಿನ ಹಬ್ಬಕ್ಕೆ ಅದು ಎರಡು ಹೆಸರು ಹೇಳಿತು. ಬಾವುಟ ಮತ್ತೆ ಹಂಸಿಗೇ ಹೋಯಿತು. ಕಡಲಾವತಿಯ ಜನರೆಲ್ಲ ಸುಖವಾಗಿದ್ದರು, ಜಟ್ಟಪ್ಪನೂ.

ಆದರೂ ಮನೆಗೆ ಹೋಗುವ ದಾರಿಯಲ್ಲಿ ತಮ್ಮನ ತೋಳು ತಿವಿದು ಕೇಳಿದ: "ಹೊನ್ನಮಿಂಚು ನನ್ನ ಹೆಸರು ಮೊದಲು ಹೇಳಿತು, ಕೇಳಿಸ್ತಾ?"