ತಡವರಿಸುವ ಸೇಬುಗಳು

ಗುರುವಾರ ಹಳೆಯ ಮಾನಿಟರ್ ಕಪ್ಪಾಯಿತು. ಶುಕ್ರವಾರ ರಾಜಧಾನಿ ಬಿಷ್ಕೆಕ್‌ನಿಂದ ಬಂದ ದೊಡ್ಡಪ್ಪ ಕಾರಿನಿಂದ ಅಗಲವಾದ ಹೊಸ ಮಾನಿಟರ್ ಇಳಿಸಿ ಜೋಡಿಸಿದರು. ಶನಿವಾರ ಊಟ ಮುಗಿಸಿದ ಅಜ್ಜಿ ಎಂದಿನಂತೆ ಆಟಕ್ಕೆ ಕುಳಿತಳು. ಕುಳಿತವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

“ಎರ್ಮೆಕ್, ಬಾರೋ ಇಲ್ಲಿ. ಇದೇನು ಸೇಬೋ, ಕುಂಬಳಕಾಯಿಯೋ?”

ಅದು ಮೊಮ್ಮಗ ಎರ್ಮೆಕ್‌ಗಿಂತಲೂ ಹಳೆಯ ಆಟ. ಮೇಲಿನಿಂದ ಸೇಬುಗಳು ಬೀಳುತ್ತವೆ. ಮೌಸ್ ಆಡಿಸಿ ಬುಟ್ಟಿಯಲ್ಲಿ ಹಿಡಿಯಬೇಕು. ಅಜ್ಜಿಯ ಸ್ಕೋರನ್ನು ಮನೆಯಲ್ಲಿ ಯಾರೂ ದಾಟಿರಲಿಲ್ಲ. ಇಂದು ಸೇಬುಗಳು ಅಡ್ಡಕ್ಕೆ ಹಿಗ್ಗಿದ್ದವು. ಅದೂ ಸಾಲದೆಂಬಂತೆ, ನಿಂತು ನಿಂತು, ನೆಗೆದು ನೆಗೆದು ಬೀಳುತ್ತಿದ್ದವು.

ಎರ್ಮೆಕ್ ಏಳುವಷ್ಟರಲ್ಲಿ ದೊಡ್ಡಪ್ಪನ ಮಗಳು ಜಿಪಾರ ಕುರ್ಚಿ ಎಳೆದುಕೊಂಡಾಗಿತ್ತು. ಅವಳು ಅವನಿಗಿಂತ ಒಂದೇ ವರ್ಷ ದೊಡ್ಡವಳು.

“ಸ್ಕ್ರೀನ್ ಅಗಲ ಇದೆ, ಆಟ ಅಗಲ ಇಲ್ಲ. ಅದಕ್ಕೇ ಎಳೆದು ತುಂಬಿಸ್ತಿದೆ, ಅಷ್ಟೇ ಅಜ್ಜಿ,” ಎಂದಳು. ಸೆಟ್ಟಿಂಗ್ಸ್ ತೆರೆದು ಏನನ್ನೋ ಬದಲಿಸಿದಳು. ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿಗಳು ಮೂಡಿದವು. ನಡುವೆ ಸೇಬುಗಳು ದುಂಡಗಾದವು.

“ಸುಯುಂಚು!” ಎಂದು ಜಿಪಾರ ಕೂಗಿದಳು.

ಒಳ್ಳೆಯ ಸುದ್ದಿ ತಿಳಿಸುತ್ತ ಮೊದಲು ‘ಸುಯುಂಚು’ ಎಂದು ಕೂಗಿದವರಿಗೆ ಉಡುಗೊರೆ ಕೊಡಲೇಬೇಕು, ಅದು ಅಲ್ಲಿನ ರೂಢಿ. ಅಜ್ಜಿ ಪೆಟ್ಟಿಗೆಯಿಂದ, ತಾನೇ ಕಸೂತಿ ಹಾಕಿದ ಕೆಂಪು ಟೋಪಿಯನ್ನು ತೆಗೆದು ಮೊಮ್ಮಗಳ ತಲೆಗಿಟ್ಟಳು.

“ಮುಟ್ಟಿದ್ದೆಲ್ಲ ಸರಿಹೋಗುತ್ತೆ, ನಿನ್ನ ಕೈ ಹೂವು ಕಣೇ, ನನ್ನ ಕುರಿಮರಿ!”

ನಿನ್ನೆಯವರೆಗೆ ಆ ಮಾತು ಎರ್ಮೆಕ್‌ಗೆ ಸೇರಿದ್ದಾಗಿತ್ತು. ಅಜ್ಜಿಯ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟವನು ಅವನು. ಟಿವಿಯಲ್ಲಿ ಕಳೆದುಹೋದ ಚಾನೆಲ್ ಹುಡುಕಿಕೊಟ್ಟವನೂ ಅವನೇ.

“ಹೇಗಿದೆಯೋ ಟೋಪಿ?” ಎಂದಳು ಜಿಪಾರ.

“ಟೋಪಿ ಚೆನ್ನಾಗಿದೆ. ಒಳಗೆ ತಲೆ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು.”

“ಅಯ್ಯೋ, ಯಾರಿಗೋ ಹೊಟ್ಟೆ ಉರೀತಿದೆ!”

“ಬಿಷ್ಕೆಕ್ ಮೇಡಮ್ಮೋರೇ, ಆಟ ಇನ್ನೂ ತಡವರಿಸ್ತಾನೇ ಇದೆ. ಮೊದಲು ಅದನ್ನ ನೋಡಿ.”

ಜಿಪಾರ ನೋಡಿದಳು. ಆಟ ಮುಚ್ಚಿ ತೆರೆದಳು. ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿದಳು. ಸೇಬುಗಳು ಮತ್ತೂ ನೆಗೆದವು.

ಆಗ ಎರ್ಮೆಕ್‌ಗೆ ಪರದೆಯ ಕೆಳಮೂಲೆಯಲ್ಲಿ ಒಂದು ಪುಟ್ಟ ಕೆಂಪು ಚುಕ್ಕೆ ಕಂಡಿತು. ಪರದೆಯ ಮೇಲೆ ನಡೆಯುವುದನ್ನೆಲ್ಲ ವಿಡಿಯೊ ಮಾಡುವ ಪ್ರೋಗ್ರಾಂ ಅದು. ತನ್ನ ಕಾರ್ ರೇಸನ್ನು ಜಿಪಾರಳಿಗೆ ತೋರಿಸಿ ಮೆರೆಯಲೆಂದು ನಿನ್ನೆ ಸಂಜೆ ಅವನೇ ಹಾಕಿದ್ದ. ಕಂಪ್ಯೂಟರ್ ಆನ್ ಆದೊಡನೆ ಅದೂ ತಾನಾಗಿ ಶುರುವಾಗುತ್ತಿತ್ತು. ಎರಡು ಹೊರೆಗಳನ್ನು ಒಟ್ಟಿಗೆ ಹೊರುವ ಶಕ್ತಿ ಆ ಹಳೆಯ ಕಂಪ್ಯೂಟರಿಗೆ ಇರಲಿಲ್ಲ.

ಎರಡು ಕ್ಲಿಕ್ ಮಾಡಿದರೆ ಸಾಕಿತ್ತು. ಎರ್ಮೆಕ್ ಕೈಗಳನ್ನು ಜೇಬಿಗೆ ಹಾಕಿಕೊಂಡ.

ಜಿಪಾರ ಸೋಮವಾರ ಊರಿಗೆ ಹೊರಡುತ್ತಾಳೆ. ಅವಳ ಕಾರು ತಿರುವು ದಾಟಿದ ಮೇಲೆ ಚುಕ್ಕೆಯನ್ನು ಅಳಿಸಬಹುದು. ಆಗ ‘ಸುಯುಂಚು’ ಎಂದು ಕೂಗುವವನು ಅವನೊಬ್ಬನೇ.

“ನಂಗೊತ್ತಾಗ್ತಿಲ್ಲ ಅಜ್ಜಿ. ಡಬ್ಬಾ ಕಂಪ್ಯೂಟರ್!” ಎಂದು ಜಿಪಾರ ಮುಖ ಊದಿಸಿಕೊಂಡು ಅಡುಗೆಮನೆಗೆ ಹೋದಳು. ಎರ್ಮೆಕ್‌ಗೆ ಶಿಳ್ಳೆ ಹಾಕಬೇಕೆನಿಸಿತು.

ಅಜ್ಜಿ ಆಡುತ್ತಲೇ ಇದ್ದಳು. ಬುಟ್ಟಿ ತಲುಪುವ ಮೊದಲೇ ಸೇಬು ನೆಲದಲ್ಲಿರುತ್ತಿತ್ತು. ಕೊನೆಗೆ ಅವಳು ಮೌಸ್ ಬಿಟ್ಟು, ಬೆರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಪಾಪ, ಹುಡುಗಿ ಸುಮ್ನೆ ಕಂಪ್ಯೂಟರಿಗೆ ಬೈತಾಳೆ. ತಪ್ಪು ಅದರದ್ದಲ್ಲ ಕಣೋ. ನನ್ನ ಕೈ ನಡುಗೋಕೆ ಶುರುವಾಗಿದೆ.”

“ಹಾಗೇನಿಲ್ಲ ಅಜ್ಜಿ...”

“ನಂಗೊತ್ತಿಲ್ವಾ? ಸೇಬು ಹಿಡಿಯೋಕಾಗದ ಕೈ ಸೂಜಿ ಹಿಡಿಯುತ್ತಾ?”

ಎರ್ಮೆಕ್‌ನ ಅಕ್ಕನ ಮದುವೆಗೆಂದು ಅಜ್ಜಿ ಗೋಡೆಗೆ ತೂಗುಹಾಕುವ ದೊಡ್ಡ ಕಸೂತಿಯೊಂದನ್ನು ಹೊಲಿಯುತ್ತಿದ್ದಳು. ಅರ್ಧ ಮುಗಿದಿತ್ತು. ಅವಳು ಎದ್ದು ಹೋಗಿ ಬಟ್ಟೆಯಿಂದ ಸೂಜಿ ಕಿತ್ತಳು. ದಾರ ಸುತ್ತಿಟ್ಟಳು. ಬಟ್ಟೆಯನ್ನು ಮಡಚತೊಡಗಿದಳು.

“ಉಳಿದದ್ದನ್ನ ನಿಮ್ಮಮ್ಮನೇ ಮುಗಿಸಲಿ. ನಾನು ಕೈ ಹಾಕಿ ಕೆಡಿಸೋದು ಬೇಡ.”

“ಅಜ್ಜಿ, ನಿಲ್ಲಿ!”

ತಾನು ಅಷ್ಟು ಜೋರಾಗಿ ಕೂಗಬಲ್ಲೆನೆಂದು ಎರ್ಮೆಕ್‌ಗೇ ಗೊತ್ತಿರಲಿಲ್ಲ. ಬಾಯಿ ತುಂಬ ಕರಿದ ರೊಟ್ಟಿಯ ತುಂಡು ತುಂಬಿಕೊಂಡಿದ್ದ ಜಿಪಾರ ಓಡಿ ಬಂದಳು.

“ನಿಮ್ಮ ಕೈಯಲ್ಲ. ನನ್ನ ಪ್ರೋಗ್ರಾಂ. ನಾನೇ ಹಾಕಿದ್ದು. ಆಗಲೇ ನೋಡಿದ್ದೆ... ಹೇಳಲಿಲ್ಲ.”

“ಆಗಲೇನಾ?” ಜಿಪಾರಳ ಕಣ್ಣು ಅಗಲವಾಯಿತು. “ನಾನು ತಲೆ ಚಚ್ಕೊಳ್ತಿದ್ದಾಗ?”

“ಹೂಂ.”

ಅವಳು ಅಜ್ಜಿಯ ತೋಳಿನಲ್ಲಿದ್ದ ಮಡಚಿದ ಬಟ್ಟೆಯನ್ನು ನೋಡಿದಳು. ಮೌಸನ್ನು ಅವನತ್ತ ತಳ್ಳಿದಳು.

ಎರಡು ಕ್ಲಿಕ್. ಕೆಂಪು ಚುಕ್ಕೆ ಮಾಯವಾಯಿತು.

“ಕೂಗೋ ಸುಯುಂಚು,” ಎಂದು ಜಿಪಾರ ಪಿಸುಗುಟ್ಟಿದಳು. ಎರ್ಮೆಕ್ ತಲೆಯಾಡಿಸಿ ಬೇಡವೆಂದ.

ಅಜ್ಜಿ ನಂಬಿಕೆಯಿಲ್ಲದೆಯೇ ಕುಳಿತಳು. ಮೊದಲ ಸೇಬು ನೀರಿನಲ್ಲಿ ಇಳಿಯುವಂತೆ ಇಳಿಯಿತು. ಬುಟ್ಟಿ ಅದರ ಕೆಳಗಿತ್ತು. ಎರಡನೆಯದರ ಕೆಳಗೂ ಇತ್ತು. ಆಮೇಲೆ ಸೇಬುಗಳು ಬೇಗ ಬೇಗ ಬೀಳತೊಡಗಿದವು. ಜಿಪಾರ ಎಣಿಸುತ್ತ ಕುಣಿದಳು. ಎರ್ಮೆಕ್ ಪರದೆಯನ್ನು ನೋಡಲಿಲ್ಲ. ಮೌಸ್ ಹಿಡಿದ ಆ ಸುಕ್ಕುಗಟ್ಟಿದ ಬೆರಳುಗಳನ್ನೇ, ಆಟ ಮುಗಿಯುವವರೆಗೂ, ಹತ್ತಿರದಿಂದ ನೋಡಿದ.

ಅಜ್ಜಿಯ ಕೈ ನಡುಗುತ್ತಿರಲಿಲ್ಲ.