ತರನ್ನುಮ ಟೀಚರ್ ತಂದ ಬೂಟು

ಕನಮಡಿ ಕಡೆಯ ಗುಡ್ಡಕ್ಕೆ ಜನರನ್ನು ನಡೆಸಿಕೊಂಡು ಹೋಗುವ ಮುನ್ನಾದಿನ ಎಲ್ಲರ ಬೂಟು ನೋಡುವುದು ನನ್ನ ರೂಢಿ. ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ಜಲನಗರದ ನಮ್ಮ ಪಡಸಾಲೆಯಲ್ಲಿ ಹಾಗೇ ನೋಡುತ್ತಿದ್ದೆ. ಮರುದಿನ ಬರಲಿದ್ದ ತರನ್ನುಮ ಟೀಚರ್ ಇನ್ನೂ ಬಿಚ್ಚದ ಬೂಟಿನ ಡಬ್ಬಿ ತಂದಿದ್ದರು.

"ಈಗ ಗಾಂಧಿ ಚೌಕದಾಗ ತಗೊಂಡು ಸೀದಾ ಇಲ್ಲಿಗೇ ಬಂದೇನ್ರಿ, ಸರ."

"ಹೊಸಾ ಬೂಟು ಕಾಲು ಕಡೀತಾವರಿ. ನಾಳೆ ಹಳೇವು ಹಾಕ್ಕೊಂಡು ಬರ್ರಿ," ಎನ್ನುತ್ತ ಡಬ್ಬಿ ತೆರೆದೆ.

ಲೇಸಿನ ತುಂಬ, ಗುಡ್ಡದ ದಾರಿಯಲ್ಲಿ ಬಟ್ಟೆಗೆ ಹತ್ತುವ ಉತ್ತರಾಣಿ ಮುಳ್ಳು ಅಂಟಿದ್ದವು, ಇನ್ನೂ ಹಸಿರಾಗಿದ್ದವು. ಯಾರೋ ತೊಟ್ಟು ಅಂಗಡಿಗೆ ವಾಪಸು ಕೊಟ್ಟಿದ್ದಾರೆಂದು ನನಗೆ ಸಿಟ್ಟು ಬಂತು. ತಿರುಗಿಸಿದರೆ ಅಡಿಯಲ್ಲಿ ಒಂದು ಕಣ ಧೂಳಿಲ್ಲ. ಒಳಗೆ ಕೈ ಹಾಕಿದೆ. ಆಗಷ್ಟೇ ಕಾಲು ತೆಗೆದಂತೆ ಬೆಚ್ಚಗಿತ್ತು, ಬೆವರಿನ ಪಸೆಯಿತ್ತು.

ಟೀಚರ್ ಕೂಡ ಮುಟ್ಟಿ ನೋಡಿದರು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದರು.

"ನಾ ನಾಳೆ ಬರಂಗಿಲ್ರಿ. ಇವು ನಿಮ್ಮ ಕಡೆನ ಇರ್ಲಿ."

ಮರುದಿನದ ನಡಿಗೆ ರದ್ದು ಮಾಡಿದೆ. ಉಳಿದವರು ಬೈದರು, ಬೈಸಿಕೊಂಡೆ. ಡಬ್ಬಿಗೆ ಹಗ್ಗ ಬಿಗಿದು ಅಟ್ಟಕ್ಕೆ ಹಾಕಿದೆ.

ಮೊನ್ನೆ ಮನೆಗೆ ಸುಣ್ಣ ಹೊಡೆಸುವಾಗ ಅದನ್ನು ಇಳಿಸಿದೆ. ಗಂಟು ನಾನು ಹಾಕಿದ್ದೇ, ಹಾಗೇ ಇತ್ತು; ಬಿಚ್ಚಿ ನೋಡಿದೆ. ಬೂಟಿಗೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿದೆ. ಎರಡೂ ಹಿಮ್ಮಡಿ ಅರ್ಧ ಸವೆದಿವೆ.