ಪರರ ಡಾಬು

“ಆ ಡಾಬು ನಂದದ, ಯಪ್ಪಾ. ನನ್ನ ಮೈದುನ ಕದ್ದು ತಂದು ನಿಮ್ಮಲ್ಲಿ ಇಟ್ಟಾನ. ಯಾರ ನಡಕ್ಕೂ ಹಾಕಬ್ಯಾಡ್ರಿ. ನಮ್ಮಪ್ಪ ಚಿಂಚೋಳಿ ಕಡೆ ಮಂತ್ರ ಕಟ್ಟಿಸಿ ಕೊಟ್ಟಾನ. ಪರರು ತೊಟ್ರ ಅದು ಬಿಡೂದಿಲ್ಲ.”

ಭಾಗಮ್ಮನ ಮಾತಿಗೆ ಗುರುಲಿಂಗಪ್ಪ ನಕ್ಕ. ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ಮೂರನೆಯ ವರ್ಷ ಅವನು ಗುಲಬರ್ಗಾದಿಂದ ಶಹಾಬಾದಿಗೆ ಬಂದು ಗಿರವಿ ಅಂಗಡಿ ತೆರೆದಿದ್ದ. ಕೈಯಲ್ಲಿದ್ದ ಬೆಳ್ಳಿಯ ಸೊಂಟಪಟ್ಟಿಯನ್ನು ತಕ್ಕಡಿಯಲ್ಲಿ ಕುಣಿಸಿದ.

“ಮಂತ್ರ ಕಟ್ಟಿದ್ದಕ್ಕ ತೂಕ ಹೆಚ್ಚಾಗ್ಯದೇನು? ಇಟ್ಟವ ನಿನ್ನ ಮೈದುನ ಅಂಬಾರಾಯ. ಚೀಟಿ ಅವನ ಹೆಸರಿಲೆ ಅದ. ನಡಿ ನಡಿ.”

“ಬಂಜಿಗಿ ಡಾಬು ಯಾಕಂತ ನನ್ನ ಪೆಟ್ಟಿಗಿ ಮುರದಾನ್ರಿ ಅವ,” ಎಂದಳು ಭಾಗಮ್ಮ. ಗುರುಲಿಂಗಪ್ಪ ಡಾಬನ್ನು ತಿಜೋರಿಗೆ ಹಾಕಿದ. ಅವಳು ಹೋದಳು.

ಮುನೀಮ ಬಂದೇಅಲಿ ದನಿ ತಗ್ಗಿಸಿದ. “ಧಣಿ, ಮಾಲು ಪರರದು ಅಂತ ಕಿವಿಗಿ ಬಿದ್ದ ಮ್ಯಾಲ ಪೊಲೀಸ್ ಥಾಣಾಕ್ಕ ತಿಳಿಸಬೇಕ್ರಿ. ಕಾಯ್ದಾ ಅದ. ಅಲ್ಲೀತನಕ ಅದಕ್ಕ ಕೈ ಹಚ್ಚಬಾರ್ದು.”

“ನೀ ಕಾಯ್ದಾಕ್ಕ ಹೆದರ್ತೀಯೋ, ಮಾಟಕ್ಕೋ?”

“ಎರಡಕ್ಕೂ ರೀ.”

ಮರುದಿನ ಗುರುಲಿಂಗಪ್ಪನ ಹೆಂಡತಿ ರತ್ನಾಬಾಯಿಗೆ ಏಳು ತಿಂಗಳ ಬಸುರಿನ ಕುಬಸ. ಮನೆಯ ಕಾರ್ಯಕ್ಕೆ ಗಿರವಿ ಒಡವೆ ತೊಡಿಸಿ, ಸಂಜೆ ತಿಜೋರಿಗೆ ಸೇರಿಸುವುದು ಆ ಪೇಟೆಯವರಿಗೆ ಹೊಸದಲ್ಲ. ಗುರುಲಿಂಗಪ್ಪ ತಾನೇ ಡಾಬು ತಂದು ಅವಳ ತುಂಬಿದ ಹೊಟ್ಟೆಗೆ ಸಡಿಲವಾಗಿ ಸುತ್ತಿದ.

ಮಟಮಟ ಮಧ್ಯಾಹ್ನ. ಫರಸಿಕಲ್ಲಿನ ಮಾಳಿಗೆ ಬೆಂಕಿ ಕಾರುತ್ತಿತ್ತು. ಮುತ್ತೈದೆಯರು ಹಾಡುತ್ತಿದ್ದರು. ಮಲ್ಲಿಗೆ, ಹುಗ್ಗಿಯ ಪರಿಮಳದ ನಡುವೆ ಸುಟ್ಟ ಕೂದಲಿನ ಕಮಟು ಎದ್ದಿತು. ಹಾಡು ನಿಂತಿತು.

“ಬಿಗಿಲಿಕತ್ತದರಿ,” ಎಂದಳು ರತ್ನಾಬಾಯಿ. “ಬಿಚ್ಚರಿ. ಲಗೂನ ಬಿಚ್ಚರಿ.”

ಕೊಂಡಿ ಕದಲಲಿಲ್ಲ. ಬೆಳ್ಳಿ ಕೆಂಡದಂತೆ ಕಾದಿತ್ತು. ಗುರುಲಿಂಗಪ್ಪನ ಬೆರಳ ಚರ್ಮ ಅದಕ್ಕೇ ಅಂಟಿ ಸುಲಿಯಿತು. ಕಟ್. ಕಟ್. ಪಟ್ಟಿ ಒಂದೊಂದೇ ಎಳೆ ಒಳಕ್ಕೆ ಸರಿಯಿತು. ಕತ್ತರಿ ಹಾಕಿದ. ಕತ್ತರಿಯ ಬಾಯಿ ಮುರಿಯಿತು. ಅವಳ ತುಟಿ ನೀಲಿಯಾಯಿತು. ಕಣ್ಣು ಮೇಲಾಯಿತು. ಬಂದೇಅಲಿ ಬರಿಗಾಲಲ್ಲಿ ಓಡಿ ಭಾಗಮ್ಮನನ್ನು ಎಳೆತಂದ.

ಅವಳು ಹೊಸ್ತಿಲು ದಾಟಲಿಲ್ಲ. “ಅದು ಯಾರದಂತ ಎಲ್ಲರ ಮುಂದ ಹೇಳ್ರಿ. ಥಾಣಾದಾಗ ಹೇಳೂ ಮಾತು, ಈಗಾರ ಹೇಳ್ರಿ.”

“ನಿಂದವ್ವಾ! ನಿಂದು! ಗೊತ್ತಿದ್ದೂ ಇಟ್ಕೊಂಡೀನಿ!”

ಕೊಂಡಿ ತಾನಾಗಿ ಕಳಚಿತು. ರತ್ನಾಬಾಯಿ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಬದುಕಿದಳು. ಹೊಟ್ಟೆ ಮುಟ್ಟಿಕೊಂಡಳು. ಚೀರಿದಳು. ನೋವಿಲ್ಲ. ರಕ್ತವಿಲ್ಲ. ಹೊಟ್ಟೆ ಮದುವೆಗೆ ಮೊದಲಿದ್ದಂತೆ ಚಪ್ಪಟೆ.

ಬಾಗಿಲಲ್ಲಿ ಭಾಗಮ್ಮ, ಬಂದೇಅಲಿ ತಂದುಕೊಟ್ಟ ಡಾಬು ಸುತ್ತಿಕೊಂಡಳು. ಕೊಂಡಿ ಕೂಡಲಿಲ್ಲ. ಒಂದು ಗೇಣು ಕಡಿಮೆ ಬಿತ್ತು. ಬೆಚ್ಚಿ ಕೆಳಗೆ ನೋಡಿದಳು. ಸೀರೆಯೊಳಗಿಂದ ಏನೋ ಒದೆಯಿತು.

“ಇದನ್ನ ನಾ ಬೇಡಿರಲಿಲ್ಲ, ಯಪ್ಪಾ…”

ಗುರುಲಿಂಗಪ್ಪ ಸುಟ್ಟ ಕೈ ಚಾಚಿ ಮುಂದೆ ಬಂದ. ಭಾಗಮ್ಮ ಎರಡೂ ಕೈಗಳಿಂದ ಹೊಟ್ಟೆ ಅವುಚಿಕೊಂಡಳು. ಒಂದು ಹೆಜ್ಜೆ ಹಿಂದಿಟ್ಟಳು. ಆಮೇಲೆ ಓಡಿದಳು.